ರಕ್ತಕಣದ ಹೊರಪೊರೆಗೆ ಸಕ್ಕರೆ ಏನು ಮಾಡುತ್ತದೆ? ರಿಪೋರ್ಟಿನ ಇನ್ನೊಂದು ಅಂಕಿ ಹೇಳುವ ಮೂರು ತಿಂಗಳ ಲೆಕ್ಕ

*ಆರೋಗ್ಯ ಮಾಲಿಕೆ: ಸಕ್ಕರೆ ಕಾಯಿಲೆ*



ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ನಮ್ಮ ಮನೆಗಳಿಗೆ ಲ್ಯಾಬ್ ರಿಪೋರ್ಟ್ ಬಂದ ದಿನ ಎಲ್ಲರೂ ಮೊದಲು ನೋಡುವುದು ಖಾಲಿ ಹೊಟ್ಟೆಯ ಶುಗರ್. ಅದು 110 ಎಂದು ಕಂಡರೆ ಸಮಾಧಾನ. "ಈಗ ನಾರ್ಮಲ್ ಆಯ್ತಲ್ಲ" ಎಂದು ಕೆಲವರು ಮಾತ್ರೆ ಬಿಟ್ಟೇ ಬಿಡುತ್ತಾರೆ. ಅದೇ ಕಾಗದದಲ್ಲಿ ಕೆಳಗೆ ಇನ್ನೊಂದು ಅಂಕಿ ಇರುತ್ತದೆ: ಎಚ್‌ಬಿ ಎ1ಸಿ, 8.6. ಅದನ್ನು ಓದುವವರು ಕಡಿಮೆ.

ಎರಡು ಅಂಕಿಗಳಲ್ಲಿ ಯಾವುದನ್ನು ನಂಬಬೇಕು? ಉತ್ತರ ಬೇಕಾದರೆ ರಕ್ತದಲ್ಲಿ ಓಡಾಡುವ ಕೆಂಪು ಕಣವನ್ನು, ಅದರಲ್ಲೂ ಅದರ ಹೊರಪೊರೆಯನ್ನು, ಸ್ವಲ್ಪ ಹತ್ತಿರದಿಂದ ನೋಡಬೇಕು. ಐದು ನಿಮಿಷ ಬಿಡುವು ಮಾಡಿಕೊಂಡು ಓದಿ. ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಓದಿ ಹೇಳಿ.

*ಕೆಂಪು ಕಣ ಎಂದರೆ ಏನು?*

ನಮ್ಮ ದೇಹದಲ್ಲಿ ಸುಮಾರು 25 ಲಕ್ಷ ಕೋಟಿ ಕೆಂಪು ರಕ್ತಕಣಗಳಿವೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯ ಮೂಲೆ ಮೂಲೆಗೂ ತಲುಪಿಸುವುದು ಇವುಗಳ ಕೆಲಸ. ಒಂದು ಕಣ ದೇಹವನ್ನೆಲ್ಲ ಒಂದು ಸುತ್ತು ಹಾಕಲು ಸುಮಾರು ಒಂದು ನಿಮಿಷ ಸಾಕು. ಅದರ ಆಯುಸ್ಸು ಸುಮಾರು 120 ದಿನ. ಅಂದರೆ ಒಂದು ಕಣ ತನ್ನ ಜೀವಮಾನದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ಹಾಕುತ್ತದೆ.

ಕಣದ ಅಗಲ 7ರಿಂದ 8 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್. ಆದರೆ ಅತಿ ಸಣ್ಣ ರಕ್ತನಾಳಗಳಲ್ಲಿ ಎಷ್ಟೋ ಕಡೆ ದಾರಿ ಕಣಕ್ಕಿಂತಲೂ ಕಿರಿದು. ಗುಲ್ಮದಲ್ಲಿ, ಅಂದರೆ ಹೊಟ್ಟೆಯ ಎಡಗಡೆ ಮೇಲಿರುವ ಸ್ಪ್ಲೀನ್‌ನಲ್ಲಿ, ಕಣಗಳು ನುಸುಳಬೇಕಾದ ಸೀಳುಗಳ ಅಗಲ ಒಂದು ಮೈಕ್ರಾನಿನ ಆಸುಪಾಸು ಮಾತ್ರ. ಇಷ್ಟು ದೊಡ್ಡ ಕಣ ಅಷ್ಟು ಸಣ್ಣ ಸಂದಿಯಲ್ಲಿ ಹೇಗೆ ಹೋಗುತ್ತದೆ?

ಬೆಳಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತುವವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಬ್ಯಾಗು ಎದೆಗೆ ಬರುತ್ತದೆ, ಹೆಗಲು ಓರೆಯಾಗುತ್ತದೆ, ಮೈ ಮುದುಡುತ್ತದೆ, ಇಲ್ಲದ ಜಾಗದಲ್ಲಿ ಒಬ್ಬ ಮನುಷ್ಯ ಒಳಗೆ ಸೇರಿಕೊಳ್ಳುತ್ತಾನೆ. ಇಳಿದ ಮೇಲೆ ಮತ್ತೆ ಮೊದಲಿನಂತೆ ನೆಟ್ಟಗೆ ನಿಲ್ಲುತ್ತಾನೆ. ಕೆಂಪು ಕಣವೂ ಹಾಗೆಯೇ. ಕಿರಿದಾದ ನಾಳ ಬಂದಾಗ ಮಡಚಿಕೊಳ್ಳುತ್ತದೆ, ಉದ್ದವಾಗುತ್ತದೆ, ದಾಟಿದ ಮೇಲೆ ಮತ್ತೆ ತಟ್ಟೆಯಾಕಾರಕ್ಕೆ ಬರುತ್ತದೆ.

ಈ ಶಕ್ತಿ ಹೆಚ್ಚಾಗಿ ಅದರ ಹೊರಪೊರೆಯದು. ಕೊಬ್ಬಿನಂಶದ ಎರಡು ತೆಳು ಪದರ, ಅದರಲ್ಲಿ ನೆಟ್ಟ ಪ್ರೋಟೀನುಗಳು, ಒಳಗಡೆ ಆಸರೆಯಾಗಿ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆ. ಮೀನಿನ ಬಲೆಯನ್ನು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಸ್ಪೆಕ್ಟ್ರಿನ್ ಬಲೆಯ ಗುಣವೂ ಅದೇ.

*ಸಕ್ಕರೆ ಅಲ್ಲಿಗೆ ಹೇಗೆ ತಲುಪುತ್ತದೆ?*

ಸ್ನಾಯುಗಳ ಜೀವಕೋಶಕ್ಕೆ ಸಕ್ಕರೆ ಚೆನ್ನಾಗಿ ಒಳಗೆ ಹೋಗಬೇಕಾದರೆ ಇನ್ಸುಲಿನ್ ಎಂಬ ಕೀಲಿಕೈ ಬೇಕು. ಕೆಂಪು ಕಣಕ್ಕೆ ಆ ಕೀಲಿ ಬೇಡ. ಅದರ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಹೊರಗೆ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಒಳಗೂ ಬಂದು ತುಂಬುತ್ತದೆ. ಬೇಡ ಎನ್ನಲು ಕಣಕ್ಕೆ ದಾರಿಯಿಲ್ಲ.

ಇನ್ನೊಂದು ಕಷ್ಟವೂ ಇದೆ. ಬೆಳೆದ ಕೆಂಪು ಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ. ಹಾಳಾದ ಪ್ರೋಟೀನಿನ ಬದಲು ಹೊಸದನ್ನು ತಯಾರಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಹುಟ್ಟುವಾಗ ತಂದ ಸಾಮಾನಿನಲ್ಲೇ 120 ದಿನ ಕಳೆಯಬೇಕು.

ಹೀಗೆ ಒಳಗೂ ಹೊರಗೂ ತುಂಬಿದ ಸಕ್ಕರೆ ನಿಧಾನವಾಗಿ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದನ್ನು ನೋಡಿದ್ದೀರಲ್ಲ? ಹಿಟ್ಟಿನ ಸಕ್ಕರೆ ಅಂಶವೂ ಪ್ರೋಟೀನ್ ಅಂಶವೂ ಬಿಸಿಗೆ ಒಂದಕ್ಕೊಂದು ಸೇರಿದಾಗ ಆ ಬಣ್ಣ, ಆ ಗರಿಗರಿ ಬರುತ್ತದೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದರು. ದೇಹದ 37 ಡಿಗ್ರಿ ಬಿಸಿಯಲ್ಲೂ ಇದೇ ಬಗೆಯ ಕ್ರಿಯೆ ನಡೆಯುತ್ತದೆ, ಆದರೆ ಬಹಳ ನಿಧಾನವಾಗಿ, ವಾರಗಟ್ಟಲೆ. ಎಲ್ಲರ ಮೈಯಲ್ಲೂ ಇದು ಸ್ವಲ್ಪ ನಡೆಯುತ್ತಲೇ ಇರುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಅಂಟುವುದೂ ಹೆಚ್ಚು.

*ಪೊರೆಗೆ ಆಗುವ ನಾಲ್ಕು ತೊಂದರೆಗಳು*

1. *ಬಿಗಿತ.* ಸ್ಪೆಕ್ಟ್ರಿನ್ ಮತ್ತು ಪೊರೆಯ ಇತರ ಪ್ರೋಟೀನುಗಳಿಗೆ ಸಕ್ಕರೆ ಅಂಟಿದಾಗ ಬಲೆ ಬಿರುಸಾಗುತ್ತದೆ. ಕಣ ಮೊದಲಿನಷ್ಟು ಸುಲಭವಾಗಿ ಬಾಗುವುದಿಲ್ಲ. ಮಧುಮೇಹಿಗಳ ಕೆಂಪು ಕಣಗಳು ಬಾಗುವ ಗುಣವನ್ನು ಕಳೆದುಕೊಳ್ಳುತ್ತವೆ ಎಂದು 1970ರ ದಶಕದಲ್ಲೇ ಸಂಶೋಧಕರು ಅಳೆದು ತೋರಿಸಿದ್ದಾರೆ.

2. *ತುಕ್ಕು.* ಹೆಚ್ಚು ಸಕ್ಕರೆಯಿಂದ ಕಣದೊಳಗೆ ಹಾನಿಕಾರಕ ಆಮ್ಲಜನಕ ರೂಪಗಳು ಹೆಚ್ಚುತ್ತವೆ. ಹಳೆ ಎಣ್ಣೆ ಕಮಟು ಹಿಡಿಯುವ ಹಾಗೆ ಪೊರೆಯ ಕೊಬ್ಬು ಕೆಡುತ್ತದೆ.

3. *ಒಂದಕ್ಕೊಂದು ಅಂಟುವುದು.* ಆರೋಗ್ಯವಂತ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಅದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಮಧುಮೇಹದಲ್ಲಿ ಈ ಅಂಶ ಕಡಿಮೆಯಾಗುತ್ತದೆ. ರಕ್ತದ ದ್ರವಭಾಗದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನೂ ಹೆಚ್ಚಿರುವುದುಂಟು. ಆಗ ಕಣಗಳು ನಾಣ್ಯ ಪೇರಿಸಿಟ್ಟ ಹಾಗೆ ಸಾಲಾಗಿ ಅಂಟಿಕೊಳ್ಳುತ್ತವೆ, ರಕ್ತದ ಓಟ ನಿಧಾನವಾಗುತ್ತದೆ.

4. *ನಾಳದ ಗೋಡೆಗೆ ಅಂಟುವುದು.* ಪೊರೆಯ ಒಳಮಗ್ಗುಲಲ್ಲಿ ಇರಬೇಕಾದ ಒಂದು ಬಗೆಯ ಕೊಬ್ಬು ಹೊರಮಗ್ಗುಲಿಗೆ ಬರುತ್ತದೆ. ಸಕ್ಕರೆ ಅಂಟಿದ ಪ್ರೋಟೀನುಗಳೂ ಗೋಡೆಯನ್ನು ಹಿಡಿದುಕೊಳ್ಳುತ್ತವೆ. ಮಧುಮೇಹಿಗಳ ಕೆಂಪು ಕಣಗಳು ರಕ್ತನಾಳದ ಒಳಗೋಡೆಯ ಕೋಶಗಳಿಗೆ ಹೆಚ್ಚು ಅಂಟುತ್ತವೆ ಎಂದು ಫ್ರಾನ್ಸಿನ ಸಂಶೋಧಕರು 1981ರಲ್ಲಿ ವರದಿ ಮಾಡಿದರು.

ಈಗ ಮತ್ತೆ ಲೋಕಲ್ ಗಾಡಿಯನ್ನು ನೆನೆಸಿಕೊಳ್ಳಿ. ಗಾಡಿಯಲ್ಲಿರುವ ಪ್ರತಿಯೊಬ್ಬರೂ ಬೆನ್ನಿಗೊಂದು ಹಲಗೆ ಕಟ್ಟಿಕೊಂಡಿದ್ದರೆ, ಪಕ್ಕದವರ ಅಂಗಿ ಹಿಡಿದುಕೊಂಡಿದ್ದರೆ, ಬಾಗಿಲ ಕಂಬವನ್ನು ಬಿಡದಿದ್ದರೆ? ಗಾಡಿ ನಿಂತಷ್ಟು ಹೊತ್ತಿನಲ್ಲಿ ಎಷ್ಟು ಜನ ಇಳಿದಾರು?

*ಪೆಟ್ಟು ಬೀಳುವುದು ಎಲ್ಲಿಗೆ?*

ದೊಡ್ಡ ರಕ್ತನಾಳದಲ್ಲಿ ಬಿರುಸಾದ ಕಣವೂ ಹೇಗೋ ಹರಿದುಹೋಗುತ್ತದೆ. ಕಷ್ಟ ಇರುವುದು ಅತಿ ಸಣ್ಣ ನಾಳಗಳಲ್ಲಿ. ಕಣ್ಣಿನ ಅಕ್ಷಿಪಟ, ಕಿಡ್ನಿಯ ಸೋಸುವ ಭಾಗ, ಕಾಲಿನ ನರಗಳಿಗೆ ರಕ್ತ ಕೊಡುವ ನಾಳಗಳು, ಇವೆಲ್ಲ ಅಂಥವು. ಮಧುಮೇಹ ಬಹಳ ವರ್ಷ ಹತೋಟಿ ತಪ್ಪಿದಾಗ ಮೊದಲು ಕೆಡುವುದೂ ಇವೇ ಮೂರು.

ಇದಕ್ಕೆ ಕಣದ ಪೊರೆಯೊಂದೇ ಕಾರಣವಲ್ಲ. ನಾಳದ ಗೋಡೆಯೇ ದಪ್ಪವಾಗುತ್ತದೆ, ರಕ್ತದೊತ್ತಡ, ಕೊಲೆಸ್ಟರಾಲ್, ತಂಬಾಕು ತಮ್ಮ ಪಾಲನ್ನು ಸೇರಿಸುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳೂ ಮಧುಮೇಹದಲ್ಲಿ ಬೇಗ ಅಂಟುತ್ತವೆ. ರೋಗಾಣುಗಳ ಮೇಲೆ ಬೀಳುವ ಬಿಳಿ ಕಣಗಳ ಚುರುಕು ಕಡಿಮೆಯಾಗುತ್ತದೆ. ಕಾಲಿನ ಗಾಯ ಮಾಯದೆ ಉಳಿಯುವುದಕ್ಕೆ ಇವೆಲ್ಲ ಒಟ್ಟಿಗೆ ಸೇರಿದ ಕಾರಣ.

ನೋವಿಲ್ಲದೆ ನಡೆಯುವ ಕೆಲಸ ಇದು. ಆದ್ದರಿಂದಲೇ "ನನಗೇನೂ ಆಗ್ತಾ ಇಲ್ಲ, ಆರಾಮಾಗಿದ್ದೇನೆ" ಎಂಬ ಮಾತನ್ನು ಮಧುಮೇಹದಲ್ಲಿ ನಂಬುವ ಹಾಗಿಲ್ಲ.

*ಕಣದೊಳಗಿನ ಮೂರು ತಿಂಗಳ ದಾಖಲೆ*

ಪೊರೆಗೆ ಸಕ್ಕರೆ ಅಂಟುವ ಹಾಗೆಯೇ ಕಣದೊಳಗಿನ ಹಿಮೋಗ್ಲೋಬಿನ್‌ಗೂ ಅಂಟುತ್ತದೆ. ಇರಾನಿನ ಟೆಹರಾನ್‌ನಲ್ಲಿ ಸ್ಯಾಮ್ಯುಯೆಲ್ ರಹಬರ್ ಎಂಬ ವೈದ್ಯ ವಿಜ್ಞಾನಿ ಬೇರೆ ಬೇರೆ ಬಗೆಯ ಹಿಮೋಗ್ಲೋಬಿನ್ ಹುಡುಕುತ್ತಿದ್ದಾಗ ಮಧುಮೇಹಿಗಳ ರಕ್ತದಲ್ಲಿ ಅಸಾಮಾನ್ಯವಾದ ಒಂದು ಅಂಶವನ್ನು ಕಂಡರು. ಅವರು ಇದನ್ನು ಪ್ರಕಟಿಸಿದ್ದು 1968ರಲ್ಲಿ. ಸಕ್ಕರೆ ಹತೋಟಿಗೆ ಬಂದಂತೆ ಈ ಅಂಶವೂ ಇಳಿಯುತ್ತದೆ ಎಂದು ಅಮೆರಿಕದ ರೊನಾಲ್ಡ್ ಕೋನಿಗ್ ಮತ್ತು ಆಂಥನಿ ಸೆರಾಮಿ ತಂಡ 1976ರಲ್ಲಿ ತೋರಿಸಿತು. ಅದೇ ಇಂದಿನ ಎಚ್‌ಬಿ ಎ1ಸಿ ಪರೀಕ್ಷೆ.

ಕಣ ಬದುಕುವುದು 120 ದಿನ. ಅಷ್ಟೂ ದಿನ ಅಂಟಿದ ಸಕ್ಕರೆ ಅದರಲ್ಲೇ ಉಳಿಯುತ್ತದೆ. ಹಾಗಾಗಿ ಈ ಅಂಕಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅದರಲ್ಲಿ ಕಳೆದ ಒಂದು ತಿಂಗಳ ಪಾಲೇ ಸುಮಾರು ಅರ್ಧ. ಪರೀಕ್ಷೆಗೆ ಮೊದಲು ನಾಲ್ಕು ದಿನ ಸಿಹಿ ಬಿಟ್ಟು, ರಾತ್ರಿ ಬರೀ ಗಂಜಿ ಕುಡಿದು ಹೋದರೆ ಖಾಲಿ ಹೊಟ್ಟೆಯ ಅಂಕಿ ಇಳಿದೀತು, ಎ1ಸಿ ಹೆಚ್ಚೇನೂ ಕದಲುವುದಿಲ್ಲ.

ಅಂಕಿಗಳನ್ನು ಓದುವ ಬಗೆ:
- 5.7ಕ್ಕಿಂತ ಕಡಿಮೆ: ಸಾಮಾನ್ಯ
- 5.7ರಿಂದ 6.4: ಮಧುಮೇಹದ ಹೊಸ್ತಿಲು
- 6.5 ಅಥವಾ ಹೆಚ್ಚು: ಮಧುಮೇಹ (ಲಕ್ಷಣ ಇಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ)

ಎ1ಸಿ 7 ಎಂದರೆ ಸರಾಸರಿ ಶುಗರ್ ಸುಮಾರು 154. 8 ಎಂದರೆ 183. 9 ಎಂದರೆ 212. ಬಹುಪಾಲು ಮಧುಮೇಹಿಗಳಿಗೆ 7ರ ಆಸುಪಾಸಿನ ಗುರಿ ಇಡುತ್ತಾರೆ. ವಯಸ್ಸಾದವರಿಗೆ, ಶುಗರ್ ತಟ್ಟನೆ ಇಳಿಯುವ ಅಪಾಯ ಇರುವವರಿಗೆ ವೈದ್ಯರು ಸ್ವಲ್ಪ ಸಡಿಲ ಗುರಿ ಕೊಡಬಹುದು.

ಈಗ ಮೊದಲಿನ ರಿಪೋರ್ಟಿಗೆ ಬನ್ನಿ. ಖಾಲಿ ಹೊಟ್ಟೆಯಲ್ಲಿ 110, ಎ1ಸಿ 8.6. ಬೆಳಗ್ಗೆ ಎದ್ದಾಗ ಸಕ್ಕರೆ ಅಷ್ಟಾಗಿ ಇಲ್ಲ, ಆದರೆ ಊಟ ತಿಂಡಿಯ ನಂತರ ದಿನವಿಡೀ ಏರಿಯೇ ಇರುತ್ತದೆ ಎಂದು ಅರ್ಥವಿರಬಹುದು. ಇಲ್ಲವೇ ಪರೀಕ್ಷೆಯ ವಾರ ಮಾತ್ರ ಪಥ್ಯ ನಡೆದಿದೆ. ಎರಡರಲ್ಲಿ ಯಾವುದಾದರೂ ಮಾತ್ರೆ ಬಿಡುವ ಹೊತ್ತು ಅದಲ್ಲ. 110 ಬಂದದ್ದೇ ಮಾತ್ರೆಯಿಂದ ಇರಬಹುದು.

*ಎ1ಸಿ ಕೂಡ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ*

ಈ ಪರೀಕ್ಷೆ ನಿಂತಿರುವುದು ಕಣದ ಆಯುಸ್ಸಿನ ಮೇಲೆ. ಆಯುಸ್ಸು ಏರುಪೇರಾದರೆ ಅಂಕಿಯೂ ಏರುಪೇರು.

ಕಬ್ಬಿಣದಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅಕ್ಕ, ಅತ್ತಿಗೆ, ಅಮ್ಮನ ರಿಪೋರ್ಟ್ ನೋಡುವಾಗ ಹಿಮೋಗ್ಲೋಬಿನ್ ಎಷ್ಟಿದೆ ಎಂದೂ ನೋಡಿ.

ಮಳೆಗಾಲದಲ್ಲಿ ನಮ್ಮ ಕಡೆ ಮಲೇರಿಯಾ ಬರುವುದುಂಟು. ಮಲೇರಿಯಾದಲ್ಲಿ ಕೆಂಪು ಕಣಗಳು ಒಡೆಯುತ್ತವೆ, ಎಳೆಯ ಕಣಗಳೇ ಹೆಚ್ಚಾಗುತ್ತವೆ. ಆಗ ಎ1ಸಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಹೆಚ್ಚು ರಕ್ತ ಹೋಗಿದ್ದರೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಕಿಡ್ನಿ ಕಾಯಿಲೆ ಇದ್ದರೆ, ಥಲಸೇಮಿಯಾ ಅಥವಾ ಸಿಕಲ್ ಸೆಲ್ ಅಂಶ ವಂಶದಲ್ಲಿ ಬಂದಿದ್ದರೆ ಕೂಡ ಹೀಗೆಯೇ. ಗರ್ಭಿಣಿಯರ ಶುಗರನ್ನು ಈ ಒಂದೇ ಪರೀಕ್ಷೆಯಿಂದ ತೀರ್ಮಾನಿಸುವುದಿಲ್ಲ. ಇಂಥವರು ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಅಂಕಿಗಳನ್ನೂ ಸೇರಿಸಿ ವೈದ್ಯರಿಗೆ ತೋರಿಸಬೇಕು.

*ಒಳ್ಳೆಯ ಸುದ್ದಿ*

ನಮ್ಮ ಮೂಳೆಯೊಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪು ಕಣಗಳನ್ನು ತಯಾರಿಸುತ್ತದೆ. ಬಿರುಸಾದ ಹಳೆಯ ಕಣಗಳನ್ನು ಗುಲ್ಮ ಮತ್ತು ಯಕೃತ್ತು ತೆಗೆದುಹಾಕುತ್ತವೆ. ನೀವು ಇಂದಿನಿಂದ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟರೆ, ಇಂದು ಹುಟ್ಟುವ ಕಣಗಳಿಗೆ ಹಳೆಯವುಗಳಷ್ಟು ಸಕ್ಕರೆ ಅಂಟುವುದಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಣಗಳೂ ಹೊಸವು. ಸಕ್ಕರೆ ಹತೋಟಿಗೆ ಬಂದ ಮೇಲೆ ಕಣಗಳ ಬಾಗುವ ಗುಣ ಸುಧಾರಿಸುವುದನ್ನು ಸಂಶೋಧಕರು ಕಂಡಿದ್ದಾರೆ.

ಕಣ್ಣು, ಕಿಡ್ನಿಗೆ ಆಗಿಹೋದ ಹಾನಿ ಹೀಗೆ ಮೂರು ತಿಂಗಳಲ್ಲಿ ತಿರುಗಿ ಬರುವುದಿಲ್ಲ. ಆದ್ದರಿಂದ ಬೇಗ ಶುರುಮಾಡಿದಷ್ಟೂ ಲಾಭ. ಬ್ರಿಟನ್ನಿನಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾದ 3,867 ಮಂದಿಯನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಎ1ಸಿ 7.9, ಬಿಗಿಯಾಗಿ ಚಿಕಿತ್ಸೆ ಪಡೆದ ಗುಂಪಿನದು 7.0. ವ್ಯತ್ಯಾಸ ಒಂದಕ್ಕಿಂತ ಕಡಿಮೆ. ಅಷ್ಟಕ್ಕೇ ಸಣ್ಣ ರಕ್ತನಾಳಗಳ ತೊಂದರೆ ನೂರಕ್ಕೆ 25ರಷ್ಟು ತಗ್ಗಿತು.

*ಇಲ್ಲಿರುವ ನಾವು ಏನು ಮಾಡಬಹುದು?*

ಐಸಿಎಂಆರ್ ಮುಂದಾಳತ್ವದ ಅಧ್ಯಯನ 2023ರಲ್ಲಿ ಹೇಳಿದಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಮಂದಿ ಹೊಸ್ತಿಲಲ್ಲಿದ್ದಾರೆ. ಹಳ್ಳಿಗಳಲ್ಲಿ ನೂರಕ್ಕೆ 8.9 ಮಂದಿಗೆ ಮಧುಮೇಹ, ಪಟ್ಟಣಗಳಲ್ಲಿ 16.4. ಊರು ಬಿಟ್ಟು ಶಹರಕ್ಕೆ ಬಂದ ನಾವು ಯಾವ ಕಡೆ ಸೇರಿದ್ದೇವೆ ಎಂಬುದು ಗೊತ್ತೇ ಇದೆ.

- *30 ದಾಟಿದವರು ಒಮ್ಮೆ ಪರೀಕ್ಷೆ ಮಾಡಿಸಿ.* ಸರ್ಕಾರದ ಕಾರ್ಯಕ್ರಮದಲ್ಲೂ 30 ದಾಟಿದವರಿಗೆ ತಪಾಸಣೆ ಇದೆ. ಹತ್ತಿರದ ಪಾಲಿಕೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ದೊಡ್ಡ ಆಸ್ಪತ್ರೆ ಬೇಕಾದರೆ ಕಲ್ಯಾಣದಲ್ಲಿ ರುಕ್ಮಿಣಿಬಾಯಿ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ, ಕಳವಾದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ವಾಶಿಯಲ್ಲಿ ನವಿ ಮುಂಬಯಿ ಪಾಲಿಕೆಯ ಆಸ್ಪತ್ರೆ ಇವೆ.

- *ಮಧುಮೇಹ ಇರುವವರು* ಎ1ಸಿಯನ್ನು ವರ್ಷಕ್ಕೆ ಎರಡು ಸಲವಾದರೂ, ಔಷಧಿ ಬದಲಾದರೆ ಮೂರು ತಿಂಗಳಿಗೊಮ್ಮೆ ಮಾಡಿಸಿ. ಇದಕ್ಕೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. ಹೋಟೆಲಿನಲ್ಲಿ ಬೆಳಗ್ಗೆ ನಾಲ್ಕಕ್ಕೆ ಏಳುವವರಿಗೆ, ರಾತ್ರಿ ಪಾಳಿಯವರಿಗೆ ಇದು ದೊಡ್ಡ ಅನುಕೂಲ.

- *ವರ್ಷಕ್ಕೊಮ್ಮೆ* ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟದ ತಪಾಸಣೆ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಕಾಲಿನ ಸ್ಪರ್ಶಜ್ಞಾನ. ಕನ್ನಡಕದ ನಂಬರ್ ನೋಡಿಸಿದರೆ ಅಕ್ಷಿಪಟದ ತಪಾಸಣೆ ಆದಂತಲ್ಲ.

- *ಊಟ.* ಕುಚ್ಚಲಕ್ಕಿಯಾಗಲಿ ಜೋಳದ ರೊಟ್ಟಿಯಾಗಲಿ ಪಿಷ್ಟ ಪಿಷ್ಟವೇ, ಪ್ರಮಾಣ ಮುಖ್ಯ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಬೇಳೆ, ಕಾಳು ಅಥವಾ ಮೀನು, ಕಾಲು ಭಾಗ ಅನ್ನ ಅಥವಾ ರೊಟ್ಟಿ. ದಿನಕ್ಕೆ ಆರು ಕಟಿಂಗ್ ಚಾ ಕುಡಿಯುವವರು ಅದರ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

- *ನಡಿಗೆ.* ಸ್ಟೇಷನ್ನಿನಿಂದ ಮನೆಗೆ ಶೇರ್ ರಿಕ್ಷಾ ಬಿಟ್ಟು ನಡೆಯಿರಿ. ರಾತ್ರಿ ಊಟದ ಮೇಲೆ ಹದಿನೈದು ನಿಮಿಷ ಸುತ್ತಾಡಿದರೂ ಊಟದ ನಂತರದ ಏರಿಕೆ ತಗ್ಗುತ್ತದೆ.

- *ಕಾಲು.* ಮಳೆಗಾಲದಲ್ಲಿ ರಸ್ತೆಯ ನೀರಿನಲ್ಲಿ ನಡೆದು ಬಂದ ದಿನ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲು ನೋಡಿಕೊಳ್ಳಿ. ಬಗ್ಗಲಾಗದ ಹಿರಿಯರ ಕಾಲನ್ನು ಮಕ್ಕಳು ನೋಡಿ. ಸಣ್ಣ ಗಾಯವಾದರೂ ಎರಡು ಮೂರು ದಿನದಲ್ಲಿ ಒಣಗದಿದ್ದರೆ ವೈದ್ಯರ ಹತ್ತಿರ ಹೋಗಿ. ಬಾವು, ಕೀವು, ಜ್ವರ ಕಂಡರೆ ಅದೇ ದಿನ ಹೋಗಿ.

- *ಊರಿಗೆ ಹೋಗುವಾಗ.* ಮೇ ತಿಂಗಳಲ್ಲಿ ಊರಿಗೆ ಹೋದವರ ಮಾತ್ರೆ ಅಲ್ಲಿ ಮುಗಿದು, ಇಲ್ಲಿಗೆ ಬರುವ ತನಕ ನಿಂತೇ ಹೋಗುವುದುಂಟು. ಉಳಿಯುವ ದಿನಕ್ಕಿಂತ ಒಂದು ವಾರಕ್ಕೆ ಹೆಚ್ಚು ಮಾತ್ರೆ ಒಯ್ಯಿರಿ. ಚೀಟಿಯ ಮತ್ತು ಹಳೆಯ ಎ1ಸಿ ರಿಪೋರ್ಟುಗಳ ಫೋಟೋ ಫೋನಿನಲ್ಲಿ ಇರಲಿ. ಕಂಪನಿಯ ಹೆಸರು ಬೇರೆಯಾದರೂ ಒಳಗಿನ ಔಷಧಿಯ ಹೆಸರು ತೋರಿಸಿದರೆ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ.

- *ಫೋನಿನಲ್ಲಿ ಬರುವ ಮದ್ದುಗಳು.* "ಏಳು ದಿನದಲ್ಲಿ ಶುಗರ್ ಮಾಯ" ಎಂಬ ಮೆಸೇಜು ಬಂದರೆ 120 ದಿನದ ಲೆಕ್ಕವನ್ನು ನೆನೆಸಿಕೊಳ್ಳಿ. ಹಾಗಲಕಾಯಿ, ಮೆಂತ್ಯ ಊಟದಲ್ಲಿ ಇರಲಿ, ಮಾತ್ರೆಯ ಬದಲಿಗೆ ಬೇಡ. ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ನಿಮ್ಮನ್ನು ನೋಡುವ ವೈದ್ಯರನ್ನು ಕೇಳದೆ ಹೆಚ್ಚು ಕಡಿಮೆ ಮಾಡಬೇಡಿ.

ಇಂದು ಸಂಜೆ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಹಳೆಯ ರಿಪೋರ್ಟುಗಳನ್ನು ತೆಗೆದು ಎ1ಸಿ ಎಷ್ಟಿದೆ, ಯಾವ ತಾರೀಕಿನದು ಎಂದು ನೋಡಿ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡಿದಾಗ "ಶುಗರ್ ಹೇಗಿದೆ" ಎಂದು ಕೇಳುವ ಬದಲು "ಮೂರು ತಿಂಗಳ ಪರೀಕ್ಷೆ ಯಾವಾಗ ಮಾಡಿಸಿದ್ದು, ಎಷ್ಟು ಬಂತು" ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಈ ವಾರವೇ ಮಾಡಿಸಿ.

ಉಪಯೋಗವೆನಿಸಿದರೆ ನಿಮ್ಮ ಬಂಧುಮಿತ್ರರಿಗೂ ಕಳುಹಿಸಿ. ಎಲ್ಲರಿಗೂ ಆರೋಗ್ಯವಿರಲಿ.